ಸಮಸ್ಯೆ: ಒಂದನೊಂದಕೆ ಕೂಡೆ ಸೊನ್ನೆಯು ಬಂದುದಚ್ಚರಿಯೇ

ಸಂಚಾಲಕರು
ಗೆಳೆಯರೇ, ಈ ಸಲ ಭಾಮಿನಿ ಷಟ್ಪದಿ. ಕೊನೆಯ ಸಾಲು ಇದು, ಮೇಲಿನ ಐದು ನಿಮ್ಮವು:

*ಒಂದನೊಂದಕೆ ಕೂಡೆ ಸೊನ್ನೆಯು ಬಂದುದಚ್ಚರಿಯೇ*

ವಸ್ತು ಭಾರತದ ಗಣಿತಜ್ಞರು. ಪ್ರಾಸ ತಪ್ಪಬಾರದು, ಲಗಾದಿ ಗಣ (ಮೊದಲು ಲಘು, ಒಡನೆ ಗುರು ಬರುವ ಗಣ) ಬೇಡ. ಹೆಸರುಗಳನ್ನು ಪೋಣಿಸಿ ಜಯಕಾರ ಹಾಕಿದರೆ ಪೂರಣ ಆಗುವುದಿಲ್ಲ; ಅವರು ಮಾಡಿದ ಲೆಕ್ಕ ಪದ್ಯದೊಳಗೇ ಕಾಣಬೇಕು. ಲೆಕ್ಕವನ್ನು ಪದ್ಯದಲ್ಲಿ ಹೇಳುವುದು ನಮಗೇನೂ ಹೊಸದಲ್ಲ. ನೃಪತುಂಗನ ಕಾಲದ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ರಚಿಸಿದ. 12ನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ.

ಪೂರಣ 1

ಅಂದು ಜಿಷ್ಣುಜ ನುಡಿದನೀಪರಿ
ಬಂದ ಧನದಲಿ ಸಲುವ ಋಣವನು
ಹೊಂದಿಸಲು ಸರಿಸಮದೊಳುಳಿಯದು ಕಾಸು ಕೈಯೊಳಗೆ
ಸಂದ ಸಂಬಳದೊಂದು ವರಹಕೆ
ಮುಂದೆ ಸಾಲದ ವರಹವೊಂದಿರೆ
ಒಂದನೊಂದಕೆ ಕೂಡೆ ಸೊನ್ನೆಯು ಬಂದುದಚ್ಚರಿಯೇ

ಜಿಷ್ಣುಜ ಅಂದರೆ ಜಿಷ್ಣುವಿನ ಮಗ ಬ್ರಹ್ಮಗುಪ್ತ. 628ರ ‘ಬ್ರಾಹ್ಮಸ್ಫುಟಸಿದ್ಧಾಂತ’ದ 18ನೇ ಅಧ್ಯಾಯದಲ್ಲಿ ಧನ, ಋಣ, ಶೂನ್ಯಗಳನ್ನು ಕೂಡುವ ಕಳೆಯುವ ನಿಯಮಗಳಿವೆ. ಸಮನಾದ ಧನ ಋಣ ಕೂಡಿದರೆ ಶೂನ್ಯ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದ ಮಾತು ಮಾತ್ರ ಇಂದು ನಿಲ್ಲುವುದಿಲ್ಲ.

ಸಂಚಾಲಕರು
ಭೇಷ್ ಸರ್! ಒಂದು ಸಂಬಳ, ಇನ್ನೊಂದು ಸಾಲ. ಸಮಸ್ಯೆಯ ಗಂಟು ಬಿಚ್ಚಿದ್ದು ಅಲ್ಲೇ.

ಪೂರಣ 2

ಮುಂದಿನದು ಹಿಂದಿನದಕಿಂತಲು
ಕುಂದದೆಯೆ ಹತ್ತುಮಡಿ ಬೆಳೆವುದು
ಎಂದನಾರ್ಯಭಟಾರ್ಯ ಸಂಖ್ಯಾಸ್ಥಾನದೊಳಗುಟ್ಟ
ತಂದು ಮೂರನು ಸೇರಿಸೇಳಕೆ
ನಿಂದುದೊಂದೆಡದಲ್ಲಿ ಬಲದಲಿ
ಒಂದನೊಂದಕೆ ಕೂಡೆ ಸೊನ್ನೆಯು ಬಂದುದಚ್ಚರಿಯೇ

ಪ್ರತಿಕ್ರಿಯೆ
ಮೇಡಂ, ‘ಒಂದು’ ಎಂದರೆ ಒಂದು ಸಂಖ್ಯೆ ಅಂತ ತಿರುಗಿಸಿ (3 + 7 = 10, ಎಡದಲ್ಲಿ ಒಂದು, ಬಲದಲ್ಲಿ ಸೊನ್ನೆ), ಐದನೇ ಸಾಲಿನ ‘ಬಲದಲಿ’ಯನ್ನು ಆರನೆಯದಕ್ಕೆ ಹರಿಸಿದ್ದು ತುಂಬಾ ಹಿಡಿಸಿತು. ಆರ್ಯಭಟ ಸೊನ್ನೆ ಕಂಡುಹಿಡಿದ ಅಂತ ಬರೆಯದಿದ್ದುದಕ್ಕೆ ಇನ್ನೊಂದು ನಮಸ್ಕಾರ. ಎಲ್ಲೆಡೆ ಆ ಮಾತು ಓಡಾಡುತ್ತಿದೆ. 499ರ ‘ಆರ್ಯಭಟೀಯ’ದಲ್ಲಿ ಸ್ಥಾನಗಳ ಹತ್ತುಮಡಿ ಕ್ರಮ ಇದೆ, ಸೊನ್ನೆಯ ಚಿಹ್ನೆ ಇಲ್ಲ. ದೊಡ್ಡ ಸಂಖ್ಯೆಗಳನ್ನು ಅಕ್ಷರಗಳಲ್ಲೇ ಹೇಳುತ್ತಾನೆ: ‘ಖ್ಯುಘೃ’ ಅಂದರೆ 43,20,000. ಖು 20,000, ಯು 3,00,000, ಘೃ 40,00,000. ಎರಡೇ ಅಕ್ಷರದಲ್ಲಿ ಒಂದು ಯುಗದ ಸೂರ್ಯಭಗಣಗಳೆಲ್ಲ, ಅಂದರೆ ಸೂರ್ಯನ ಸುತ್ತುಗಳೆಲ್ಲ, ಅಡಗಿದವು!

ಪ್ರತಿಕ್ರಿಯೆ
ನಾನು ಹೊಸಬ. ಲಗಾದಿ ಬಿಟ್ಟರೆ ಉಳಿಯುವ ಗಣಗಳೆಷ್ಟು ಸರ್?

ಸಂಚಾಲಕರು
ಒಳ್ಳೆಯ ಪ್ರಶ್ನೆ, ಇದೂ ಗಣಿತವೇ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಒಂದು ಮಾತ್ರೆಯನ್ನು ಒಂದೇ ಬಗೆಯಲ್ಲಿ ತುಂಬಬಹುದು. ಎರಡನ್ನು 2, ಮೂರನ್ನು 3, ನಾಲ್ಕನ್ನು 5, ಐದನ್ನು 8 ಬಗೆಯಲ್ಲಿ. ಯಾಕೆ? ಐದು ಮಾತ್ರೆಯ ಗಣ ಲಘುವಿನಲ್ಲಿ ಮುಗಿದರೆ ಅದರ ಹಿಂದೆ ನಾಲ್ಕು ಮಾತ್ರೆ, ಗುರುವಿನಲ್ಲಿ ಮುಗಿದರೆ ಮೂರು ಮಾತ್ರೆ. ಹಾಗಾಗಿ 5 + 3. ಛಂದಸ್ಸಿಗಾಗಿ ಈ ಲೆಕ್ಕ ಹಾಕಿದವರು ವಿರಹಾಂಕ, ಆಮೇಲೆ 12ನೇ ಶತಮಾನದ ಹೇಮಚಂದ್ರ. ಇದೇ 1, 2, 3, 5, 8ರ ಸರಣಿಯಿರುವ ಇಟಲಿಯ ಫಿಬೊನಾಚಿಯ ಪುಸ್ತಕ ಬಂದದ್ದು 1202ರಲ್ಲಿ. ಶಾಲೆಯಲ್ಲಿ ಈ ಸರಣಿ ಕಲಿಸುವಾಗ ವಿರಹಾಂಕನ ಹೆಸರನ್ನೂ ಹೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಭಾಮಿನಿಗೆ ಬರೋಣ. ಲಗಾದಿ ತೆಗೆದರೆ ಮೂರು ಮಾತ್ರೆಗೆ 2, ನಾಲ್ಕಕ್ಕೆ 4 ಉಳಿಯುತ್ತವೆ. 3+4+3+4ರ ಒಂದು ಸಾಲಿಗೆ 2×4×2×4, ಅಂದರೆ 64 ನಡೆಗಳು. ಧೈರ್ಯವಾಗಿ ಬರೆಯಿರಿ.

ಪ್ರತಿಕ್ರಿಯೆ
ಮುಂದಿನ ಸಮಸ್ಯೆ ನನ್ನದಿರಲಿ:

*ಕಳೆದು ಕೂಡಿದರೇನು ರಾಶಿಯು ಬದಲುಗೊಳ್ಳದಲಾ*

ಸುಳಿವು: ಭಾಸ್ಕರಾಚಾರ್ಯನ ‘ಬೀಜಗಣಿತ’ದ ಖಹರ, ಅಂದರೆ ಛೇದದಲ್ಲಿ ಸೊನ್ನೆಯಿರುವ ರಾಶಿ. ಪ್ರಳಯದಲ್ಲಿ ಜೀವಿಗಳೆಲ್ಲ ಒಳಹೊಕ್ಕರೂ ಸೃಷ್ಟಿಯಲ್ಲಿ ಹೊರಬಂದರೂ ಅಚ್ಯುತನಲ್ಲಿ ವಿಕಾರವಿಲ್ಲದಂತೆ ಎಂದು ಅವನೇ ಉಪಮೆ ಕೊಟ್ಟಿದ್ದಾನೆ. ಪ್ರಾಸ ‘ಳ’, ಮೊದಲಕ್ಷರ ಲಘು.