ಸಹಾಯ ಬೇಕು: ಮನೆ ಬದಲಾದ ಮೇಲೆ ಅಮ್ಮನ ಮರೆವು ಹೆಚ್ಚಿದೆ

ಹೊಸ ಮನೆಗೆ ಬಂದ ಮೇಲೆ ಅಮ್ಮ ರಾತ್ರಿ ಎದ್ದರೆ ಬಚ್ಚಲುಮನೆಯೆಂದು ಬೀರುವಿನ ಬಾಗಿಲು ತೆರೆಯುತ್ತಾರೆ. ಹಳೆಯ ಮನೆಯಲ್ಲಿ ಕತ್ತಲಲ್ಲೂ ತಡವರಿಸಿದವರಲ್ಲ. ಥೈರಾಯ್ಡ್, ಬಿ12 ಸರಿಯಿವೆ. ಶ್ರವಣ ಸಾಧನ ಹಾಕಿಸಿದೆವು, ರಾತ್ರಿಯಿಡೀ ದೀಪ ಉರಿಸುತ್ತೇವೆ, ಬಚ್ಚಲಿನ ಬಾಗಿಲಿಗೆ ಚಿತ್ರ ಅಂಟಿಸಿದ್ದೇವೆ, ಸುಧಾರಣೆ ಅಷ್ಟಕ್ಕಷ್ಟೇ.

ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಮರೆವಿನ ಕಾಯಿಲೆಗೆ (ಡಿಮೆನ್ಶಿಯಾ) ಗುರುತಿಸಿದ 14 ಅಪಾಯಕಾರಿ ಅಂಶಗಳಲ್ಲಿ ಜನಸಂಪರ್ಕವಿಲ್ಲದ ಬದುಕೂ ಒಂದು. ಆದ್ದರಿಂದ ಹೊಸ ಜನ, ಹೊಸ ಚಟುವಟಿಕೆ ಬೇಕು ಎನ್ನುತ್ತಾರೆ ಕೆಲವರು. ನೆನಪು, ದಾರಿಗಳನ್ನು ಹಿಡಿದಿಡುವ ಮಿದುಳಿನ ಭಾಗವಾದ ಹಿಪೊಕ್ಯಾಂಪಸ್ ಸೊರಗಿದರೆ ಹೊಸ ಜಾಗದ ನಕ್ಷೆ ಮನಸ್ಸಿನಲ್ಲಿ ಕೂರುವುದೇ ಕಷ್ಟ, ಏನನ್ನೂ ಬದಲಿಸಬೇಡಿ ಎನ್ನುತ್ತಾರೆ ಇನ್ನು ಕೆಲವರು. ಎರಡೂ ಸರಿಯೆನಿಸಿ ದಿಕ್ಕು ತೋಚದಾಗಿದೆ.

ಅಮ್ಮನ ಕೋಣೆಯನ್ನು ಹಳೆಯ ಮನೆಯಂತೆಯೇ ಜೋಡಿಸಿ, ಅವರು ಒಗ್ಗಿಕೊಂಡ ಮೇಲಷ್ಟೇ ಹೊರಗಿನ ಒಡನಾಟ ಹೆಚ್ಚಿಸಬೇಕೇ, ಅಥವಾ ಎರಡನ್ನೂ ಒಟ್ಟಿಗೇ ಶುರುಮಾಡಬಹುದೇ? ಹಿರಿಯರನ್ನು ಹೀಗೆ ನೋಡಿಕೊಂಡವರು ದಯವಿಟ್ಟು ತಿಳಿಸಿ.