ಮೂರನೇ ನೆಪೋಲಿಯನ್ ಪತನ: ಬಹಾವುಲ್ಲಾ ಹೇಳಿದ್ದು ನಿಜವಾಗಿದ್ದು ಸಾಕ್ಷಿಯಾಗುತ್ತಾ?

ಪ್ರಶ್ನೆ:
ಬಹಾಯಿ ಧರ್ಮದ ಸ್ಥಾಪಕ ಬಹಾವುಲ್ಲಾ ಅಕ್ಕಾದಲ್ಲಿ (ಈಗಿನ ಇಸ್ರೇಲ್‌ನ ಊರು) ಸೆರೆಯಲ್ಲಿದ್ದಾಗ ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್‌ಗೆ ಪತ್ರ ಬರೆದು, ನಿನ್ನ ಸಾಮ್ರಾಜ್ಯ ಕೈತಪ್ಪುತ್ತದೆ ಎಂದು ಎಚ್ಚರಿಸಿದರು. 1870ರಲ್ಲಿ ಸೆಡಾನ್ ಯುದ್ಧದಲ್ಲಿ ಅವನು ಜರ್ಮನ್ ರಾಜ್ಯವಾದ ಪ್ರಶ್ಯದ ಎದುರು ಸೋತು ಸೆರೆಯಾದ. ಬಹಾಯಿ ಗೆಳೆಯರು ಇದನ್ನು ದೊಡ್ಡ ಪುರಾವೆ ಎನ್ನುತ್ತಾರೆ. ಒಪ್ಪಬಹುದಾ?

ಉತ್ತರ 1:
ಸುಮ್ನೆ ಒಪ್ಪಬೇಡಿ. ಪತ್ರದ ಕಾಲ ಸುಮಾರು 1869 ಎನ್ನುತ್ತಾರೆ, ಆದರೆ ಸೋಲಿಗಿಂತ ಮೊದಲೇ ಆ ಸಾಲುಗಳು ಬೇರೆಯವರ ಕೈಯಲ್ಲಿದ್ದವು ಎಂದು ತೋರಿಸುವ ಪ್ರತಿ ಬೇಕು. ಇನ್ನೊಂದು, 1866ರಲ್ಲಿ ಪ್ರಶ್ಯ ಆಸ್ಟ್ರಿಯಾವನ್ನು ಸೋಲಿಸಿದ ಮೇಲೆ ಫ್ರಾನ್ಸ್‌ಗೂ ಅದಕ್ಕೂ ಯುದ್ಧ ಆಗಬಹುದು ಅನ್ನುವುದು ಗುಟ್ಟೇನೂ ಆಗಿರಲಿಲ್ಲ.

ಉತ್ತರ 2:
ನೆಪೋಲಿಯನ್‌ಗಿಂತ ಒಟ್ಟೊಮನ್ (ತುರ್ಕಿ) ಸುಲ್ತಾನ್ ಅಬ್ದುಲ್ ಅಜೀಜ್ ಕಥೆ ಗಟ್ಟಿ. ಅವನೂ ಅಧಿಕಾರ ಕಳೆದುಕೊಳ್ಳುತ್ತಾನೆ ಎಂದು ಬಹಾವುಲ್ಲಾ ಬರೆದಿದ್ದರು. ಟೆಹರಾನಿನ ವಿದ್ವಾಂಸ ಮಿರ್ಜಾ ಅಬುಲ್ ಫಜಲ್ ಆ ಭವಿಷ್ಯವನ್ನು ಮೊದಲೇ ಓದಿ, ನಿಜವಾದರೆ ನಂಬುತ್ತೇನೆ ಎಂದು ಕಾದರಂತೆ. 1876ರಲ್ಲಿ ಸುಲ್ತಾನ್ ಪದಚ್ಯುತನಾದ, ಇವರು ಬಹಾಯಿ ಆದರು. ಇದೂ ನಂಬಿದವರೇ ಹೇಳಿದ ಕಥೆ, ಅದು ಬೇರೆ ಮಾತು.

ಉತ್ತರ 3:
ನಾನು ಬಹಾಯಿ. ಪವಾಡ ಕಣ್ಣಾರೆ ಕಂಡವರಿಗೆ ಮಾತ್ರ ಪುರಾವೆ, ಉಳಿದವರಿಗಲ್ಲ ಎಂದು ಬಹಾವುಲ್ಲಾ ಅವರ ಮಗ ಅಬ್ದುಲ್ ಬಹಾ ಅವರೇ ಹೇಳಿದ್ದಾರೆ. ಬಹಾವುಲ್ಲಾ ಕೂಡ ತಮ್ಮ ವಚನಗಳನ್ನೇ ಮುಖ್ಯ ಸಾಕ್ಷಿ ಎಂದರು. ಅದನ್ನು ಓದಿ ನೋಡಿ.

ಉತ್ತರ 1:
ಓದುತ್ತೇನೆ. ಆದರೆ ಓದಿದವನಿಗೆ ಏನೂ ಅನ್ನಿಸದಿದ್ದರೆ, ತಪ್ಪು ವಚನದ್ದೋ ಓದುಗನದ್ದೋ? ತಪ್ಪು ಯಾವಾಗಲೂ ಓದುಗನದೇ ಆದರೆ ಅದು ಪರೀಕ್ಷೆಯೇ ಅಲ್ಲ, ಅಲ್ವಾ?