ಹ್ಯಾವ್‌ಲಾಕ್‌ನಲ್ಲಿ ಒಂದು ದಿನ ಸುಮ್ನೆ ಇರಬೇಕು, ಹೋಗಿ ಬಂದವರು ಹೇಳಿ

ಪ್ರಶ್ನೆ, ಬೆಂಗಳೂರಿನಿಂದ:
ಜನವರಿಯಲ್ಲಿ ನಾವು ಐದು ಜನ ಕಾಲೇಜು ಗೆಳತಿಯರು ಅಂಡಮಾನ್‌ಗೆ ಹೊರಟಿದ್ದೇವೆ. ಹ್ಯಾವ್‌ಲಾಕ್‌ನಲ್ಲಿ ಮೂರು ರಾತ್ರಿ. ಏಜೆಂಟ್ ಕೊಟ್ಟ ಪಟ್ಟಿ ನೋಡಿದರೆ ಬೆಳಗ್ಗೆ ಆರರಿಂದ ರಾತ್ರಿವರೆಗೂ ಓಟವೇ ಓಟ. ಒಂದು ದಿನವಾದರೂ ಹಾಯಾಗಿರಬೇಕು ಅಂತ ಆಸೆ. ನಮ್ಮಲ್ಲಿ ಇಬ್ಬರಿಗೆ ಈಜು ಬರಲ್ಲ. ನೀವೆಲ್ಲ ಅಂಥ ದಿನವನ್ನು ಹೇಗೆ ಕಳೆದಿರಿ?

ಕುಂದಾಪುರದಿಂದ:
ನಾವು ನಾಲ್ವರು ಎರಡು ವರ್ಷದ ಹಿಂದೆ ಹೋಗಿದ್ದೆವು. ಮೊದಲು ಗಡಿಯಾರದ ವಿಷಯ ಹೇಳಿಬಿಡುತ್ತೇನೆ. ಅಂಡಮಾನ್ ಇರುವುದು ಮ್ಯಾನ್ಮಾರ್‌ಗೆ ಹತ್ತಿರ, ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಜನವರಿಯಲ್ಲಿ ಸಂಜೆ ಐದೂವರೆಯೊಳಗೆ ಸೂರ್ಯ ಮುಳುಗಿರುತ್ತಾನೆ. ನಾವು ಊರಿನ ಲೆಕ್ಕದಲ್ಲಿ ಐದಕ್ಕೆ ಆರಾಮಾಗಿ ಚಹಾ ಕುಡಿದು ರಾಧಾನಗರ ಬೀಚಿಗೆ ಹೊರಟೆವು. ತಲುಪುವಾಗ ಜನ ಮರಳು ಕೊಡವಿಕೊಂಡು ವಾಪಸ್ ಹೊರಟಿದ್ದರು. ನೀವು ಮೂರಕ್ಕೇ ಅಲ್ಲಿರಿ.

ಎರಡನೆಯದು ಭರತ, ಇಳಿತ. ನಮ್ಮ ರೂಮ್ ವಿಜಯನಗರ ಬೀಚ್ ಕಡೆ ಇತ್ತು. ರಾತ್ರಿ ಬಾಗಿಲ ಹತ್ತಿರವೇ ಅಲೆಯ ಸದ್ದು. ಬೆಳಗ್ಗೆ ಎದ್ದು ನೋಡಿದರೆ ಸಮುದ್ರವೇ ಇಲ್ಲ! ನೀರು ದೂರ ಹೋಗಿ ಬರೀ ಕಲ್ಲು, ಸತ್ತ ಹವಳ. ಕಡಲ ತಡಿಯಲ್ಲೇ ಬೆಳೆದ ನನಗೂ ಅಷ್ಟು ದೂರ ಇಳಿದದ್ದು ನೋಡಿ ಗೊತ್ತಿರಲಿಲ್ಲ. ನೀರು ಯಾವಾಗ ಏರುತ್ತದೆ ಅಂತ ಹಿಂದಿನ ರಾತ್ರಿಯೇ ರೂಮಿನವರನ್ನು ಕೇಳಿ. ಆ ಹೊತ್ತು ದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿಯೇ ತಡವಾಗುತ್ತಾ ಹೋಗುತ್ತದೆ. ಈಜು ಬಾರದವರು ನೀರು ಏರುವಾಗ ದಡದಲ್ಲೇ ಸೊಂಟದಷ್ಟು ನೀರಲ್ಲಿ ಕೂತಿರಬಹುದು. ನಾವು ಹಾಗೇ ಕೂತು ಎರಡು ಗಂಟೆ ಹರಟೆ ಹೊಡೆದೆವು. ಬೆರಳೆಲ್ಲ ಸುಕ್ಕಾಗಿತ್ತು.

ಮಧ್ಯಾಹ್ನ ಮಾರ್ಕೆಟ್ ಕಡೆ ಬಂಗಾಳಿ ಊಟ. ಅಲ್ಲಿನ ಜನ ಹೆಚ್ಚಿನವರು ಬಂಗಾಳಿಗಳೇ. 1950ರ ದಶಕದಲ್ಲಿ ಪೂರ್ವ ಬಂಗಾಳದ ನಿರಾಶ್ರಿತರಿಗೆ ಅಲ್ಲಿ ಜಾಗ ಕೊಟ್ಟಿದ್ದು. ಅನ್ನ, ಬೇಳೆ, ಸಾಸಿವೆ ಎಣ್ಣೆಯ ಮೀನು. ತೆಂಗಿನಕಾಯಿ ಅರೆದ ಸಾರಿಗೆ ಒಗ್ಗಿದ ನಾಲಿಗೆಗೆ ಮೊದಲ ತುತ್ತು ಘಾಟು ಅನ್ನಿಸಿತು. ಎರಡನೇ ಮೀನನ್ನು ನಾನೇ ಕೇಳಿ ಹಾಕಿಸಿಕೊಂಡೆ.

ಒಂದು ಮಾತು: ತೆಂಗಿನ ಮರದ ಬುಡದಲ್ಲಿ ಚಾಪೆ ಹಾಸಬೇಡಿ. ಫೋಟೋದಲ್ಲಿ ಚೆಂದ ಕಾಣುತ್ತದೆ ಅಂತ ನನ್ನ ಗೆಳತಿಯರು ಹಾಸಿದ್ದರು. ಮೇಲೆ ನೋಡಿ ಅಂದೆ, ನಾಲ್ಕು ಬಲಿತ ಕಾಯಿ. ಚಾಪೆ ಎತ್ತಿಕೊಂಡು ಓಡಿದರು.

ಇನ್ನೊಂದು. ಒಬ್ಬಳು ಚೆಂದದ ಪುಟ್ಟ ಶಂಖ ಸಿಕ್ಕಿತು ಅಂತ ಬ್ಯಾಗಿಗೆ ಹಾಕಿಕೊಂಡಳು. ರಾತ್ರಿ ಹನ್ನೊಂದಕ್ಕೆ ಬ್ಯಾಗಿನೊಳಗೆ ಕರಕರ. ಇಲಿ ಅಂತ ನಾಲ್ವರೂ ಮಂಚ ಹತ್ತಿದೆವು. ಟಾರ್ಚ್ ಬಿಟ್ಟು ನೋಡಿದರೆ ಶಂಖ ಬಾಚಣಿಗೆಯ ಮೇಲೆ ನಡೆಯುತ್ತಿತ್ತು. ಒಳಗೆ ಏಡಿ! ಬಾಚಣಿಗೆ ಸಮೇತ ಎತ್ತಿಕೊಂಡು ಹೋಗಿ ಮರಳಲ್ಲಿ ಬಿಟ್ಟು ಬಂದೆವು. ಹೇಗಿದ್ದರೂ ಶಂಖ, ಹವಳ ತರುವ ಹಾಗಿಲ್ಲ, ಏರ್‌ಪೋರ್ಟ್‌ನಲ್ಲಿ ಹಿಡಿಯುತ್ತಾರೆ.

ಶಿವಮೊಗ್ಗದಿಂದ:
ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಅಷ್ಟು ದೂರ ಹೋಗಿ ಒಂದು ಸಲವೂ ನೀರೊಳಗೆ ಮುಖ ಹಾಕದೆ ಬರಬೇಡಿ. ಬೆಳಗ್ಗೆ ಬೇಗ ಒಂದು ಸ್ಕೂಬಾ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಇಳಿಯುವುದು) ಮುಗಿಸಿಬಿಟ್ಟರೆ ಉಳಿದ ದಿನವೆಲ್ಲ ನಿಮ್ಮದೇ. ನನಗೂ ಈಜು ಬರಲ್ಲ. ಕಲಿಸುವವರು ಪೂರ್ತಿ ಹಿಡಿದುಕೊಂಡೇ ಇರುತ್ತಾರೆ. ಕಿವಿ ನೋಯುತ್ತದೆ, ಮೂಗು ಹಿಡಿದು ಊದಬೇಕು, ಅಷ್ಟೇ. ಡೈವ್ ಆದ ಮೇಲೆ ವಿಮಾನ ಹತ್ತುವ ಮೊದಲು ಪೂರ್ತಿ ಒಂದು ದಿನ ಬಿಡಿ, ಅದಕ್ಕೇ ಕೊನೇ ದಿನಕ್ಕೆ ಇಟ್ಟುಕೊಳ್ಳಬೇಡಿ. ನೆಗಡಿ ಇದ್ದರೆ ಇಳಿಯಲೇಬೇಡಿ.

ಕುಂದಾಪುರದಿಂದ, ಮತ್ತೆ:
ಹಾಯಾಗಿರಬೇಕು ಅಂದವರಿಗೆ ಬೆಳಗ್ಗೆ ಆರಕ್ಕೆ ಎಬ್ಬಿಸುತ್ತಿದ್ದೀರಲ್ಲ ಮಾರಾಯ್ರೇ!

ಹುಬ್ಬಳ್ಳಿಯಿಂದ:
ಎಲಿಫೆಂಟ್ ಬೀಚ್ ಆ ದಿನಕ್ಕೆ ಬೇಡ. ದೋಣಿಗೆ ಕಾಯಬೇಕು, ಇಲ್ಲವೇ ಕಾಡಿನ ಕೆಸರಲ್ಲಿ ನಡೆಯಬೇಕು, ಅಲ್ಲಿ ಹೋದರೆ ಸಂತೆ. ನಾವು ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡು ಕಾಲಾಪತ್ಥರ್ ಬೀಚ್ ಕಡೆ ಹೋದೆವು. ಒಂದು ಬದಿ ಕಾಡು, ಇನ್ನೊಂದು ಬದಿ ನೀಲಿ ನೀರು. ಲೈಸೆನ್ಸ್ ಮರೆಯಬೇಡಿ. ನಾನು ಮರೆತು ಮೂರು ದಿನವೂ ಹಿಂದಿನ ಸೀಟಿನಲ್ಲಿ ಕೂತೆ.

ನೀರಿಗೆ ಇಳಿಯುವುದು ಲೈಫ್‌ಗಾರ್ಡ್ ಇರುವ ಕಡೆ ಮಾತ್ರ. ಉಪ್ಪುನೀರಿನ ಮೊಸಳೆ ಇರುವ ದ್ವೀಪಗಳು ಅವು. 2010ರಲ್ಲಿ ಅಲ್ಲಿ ಒಬ್ಬ ಪ್ರವಾಸಿಯ ಜೀವವೇ ಹೋಗಿದೆ. ಬೋರ್ಡ್ ಹಾಕಿದ್ದರೆ ನಂಬಿ. ಸಂಜೆ ಮರಳ ನೊಣ ಕಚ್ಚುತ್ತವೆ, ಕೊಬ್ಬರಿ ಎಣ್ಣೆ ಬಳಿದುಕೊಂಡರೆ ಸ್ವಲ್ಪ ವಾಸಿ. ನನಗೆ ಎಂಟು ದಿನ ತುರಿಕೆ ಇತ್ತು.

ಉಡುಪಿಯಿಂದ:
ಹೆಸರು ನೋಡಿ ಗಾಬರಿಯಾಗಬೇಡಿ. 2018ರಿಂದ ಹ್ಯಾವ್‌ಲಾಕ್ ಹೆಸರು ಸ್ವರಾಜ್ ದ್ವೀಪ್, 2024ರಿಂದ ಪೋರ್ಟ್ ಬ್ಲೇರ್ ಹೆಸರು ಶ್ರೀ ವಿಜಯಪುರಂ. ಟಿಕೆಟ್ ತಪ್ಪಾಗಿದೆ ಅಂತ ನಮ್ಮವನೊಬ್ಬ ಜೆಟ್ಟಿಯಲ್ಲಿ ಜಗಳಕ್ಕೆ ನಿಂತಿದ್ದ. ರಾಧಾನಗರದಲ್ಲಿ ಬಟ್ಟೆ ಬದಲಿಸಲು ಜಾಗ ಇದೆ. 2020ರಲ್ಲಿ ನಮ್ಮ ಪಡುಬಿದ್ರಿ, ಕಾಸರಕೋಡಿನ ಜೊತೆ ಅದಕ್ಕೂ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚ್‌ಗೆ ಕೊಡುವ ಅಂತಾರಾಷ್ಟ್ರೀಯ ಮನ್ನಣೆ) ಸಿಕ್ಕಿತ್ತು.

ಬೆಂಗಳೂರಿನಿಂದ:
ಎಲ್ಲರಿಗೂ ಥ್ಯಾಂಕ್ಸ್. ಏಜೆಂಟ್‌ಗೆ ಫೋನ್ ಮಾಡಿ ಎರಡನೇ ದಿನದ ಎಲಿಫೆಂಟ್ ಬೀಚ್ ತೆಗೆಸಿದೆ. "ಹಾಗಾದ್ರೆ ಇಡೀ ದಿನ ಏನ್ ಮಾಡ್ತೀರಾ ಮೇಡಂ?" ಅಂತ ಮೂರು ಸಲ ಕೇಳಿದರು. ಸ್ಕೂಬಾ ಇನ್ನೂ ತೀರ್ಮಾನ ಆಗಿಲ್ಲ, ಮೂರು ಓಟು ಆ ಕಡೆ, ಎರಡು ಈ ಕಡೆ. ಕೊಬ್ಬರಿ ಎಣ್ಣೆ ನನ್ನ ಪಾಲಿಗೆ ಬಂದಿದೆ.